ಗಾಂಜಾ ಬೀಜ ಮೆಲ್ಲುವ ಫುಕುಮಾರು-ಸಾನ್ ಅವರಿಗೆ ವಿಜ್ಞಾಪನೆ

ಶ್ರೀಮಾನ್ ಫುಕುಮಾರು-ಸಾನ್ ಅವರ ಸನ್ನಿಧಾನಕ್ಕೆ,
ಪಂಜರ, ಒಕಾಮೊತೊ ಅಜ್ಜಿಯವರ ಬಾಲ್ಕನಿ,
ಎಡೋಗಾವಾ, ಟೋಕಿಯೋ.

ಮಾನ್ಯರೇ,

ಕೆಂಪು ಕೊಕ್ಕು, ಬಿಳಿ ಮೈ, ಇಡೀ ಮಹಡಿಯನ್ನು ಬೆಳ್ಳಂಬೆಳಗ್ಗೆ ಎಬ್ಬಿಸಿ ಕೂರಿಸುವ ಕಂಠ, ಇವೆಲ್ಲವನ್ನೂ ಪಡೆದು ಬಂದಿರುವ ಪುಣ್ಯವಂತ ಹಕ್ಕಿಯಾದ ತಮಗೆ ಪಕ್ಕದ ಮನೆಯ ಶರ್ವಾಣಿಯ ಸಾಷ್ಟಾಂಗ ನಮಸ್ಕಾರಗಳು. ಕಿಮೋ ಹಾಕಿಸಿಕೊಂಡು ಬಂದ ಮೇಲೆ ನಾನು ಹೇಗೂ ನೆಲದ ಮೇಲೇ ಬಿದ್ದಿರುವುದರಿಂದ ಸಾಷ್ಟಾಂಗಕ್ಕೆ ಪ್ರತ್ಯೇಕ ಶ್ರಮವೇನೂ ಆಗಿಲ್ಲ, ತಾವು ಸಂಕೋಚಪಡಬಾರದು.

ಮೈಸೂರಿನವಳಾದ ನಾನು ಗಂಡ ಪ್ರವೀಣರ ಸಾಫ್ಟ್‌ವೇರ್ ಕೆಲಸದ ಹಿಂದೆ ಈ ಊರಿಗೆ ಬಂದು, ಇಲ್ಲಿನ ರೈಲು, ಮೌನ, ಕಸ ವಿಂಗಡಣೆ ಎಲ್ಲವನ್ನೂ ಕಲಿತು, ಕೊನೆಗೆ ಕರುಳಿನ ಕ್ಯಾನ್ಸರನ್ನೂ ಇಲ್ಲಿಯೇ ಸಂಪಾದಿಸಿಕೊಂಡೆ. ಕ್ಯಾನ್ಸರಿಗಿಂತ ಈಗ ನನ್ನನ್ನು ಹಣ್ಣು ಮಾಡಿರುವುದು ಅದರ ಔಷಧಿಯಿಂದ ಬರುವ ಓಕರಿಕೆ; ಅನ್ನದ ಕುಕ್ಕರ್ ಕೂಗಿದರೆ ನಾನು ಬಚ್ಚಲಿಗೆ ಓಡುತ್ತೇನೆ. ತೂಕ ಇನ್ನೂ ಇಳಿದರೆ ಮುಂದಿನ ಕಿಮೋ ಮುಂದೂಡಬೇಕಾಗುತ್ತದೆಂದು ವೈದ್ಯರು ಹೇಳಿದ್ದಾರೆ. ಅದು ಮುಂದೆ ಹೋದಷ್ಟೂ ಒಳಗಿರುವ ಗಂಟಿಗೆ ರಜೆ ಸಿಕ್ಕಂತೆ. ಹೀಗಾಗಿ ನನ್ನ ಬದುಕಿನ ದೊಡ್ಡ ಪ್ರಶ್ನೆ ಸದ್ಯಕ್ಕೆ ಇಷ್ಟೇ: ಒಂದು ತುತ್ತು ಒಳಗೆ ಹೋಗಬೇಕು, ಹೋದದ್ದು ಅಲ್ಲಿಯೇ ಉಳಿಯಬೇಕು.

ಟೊರಾಂಟೊದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಯಾಮಿನಿಗೂ ಇದೇ ಪಾಡಾಗಿ, ಅಲ್ಲಿನ ವೈದ್ಯರು ಗಾಂಜಾದಿಂದ ಮಾಡಿದ ಮಾತ್ರೆ ಬರೆದುಕೊಟ್ಟು, ಆಕೆ ಆ ವಾರವೇ ಮಸಾಲೆ ದೋಸೆ ತಿಂದು ಫೋಟೋ ಕಳಿಸಿದಳು. ನಾನು ಆ ದೋಸೆಯನ್ನು ನನ್ನ ವೈದ್ಯರಿಗೆ ತೋರಿಸಿದೆ. ಅವರು ಒಳ್ಳೆಯವರು, ವಾಂತಿಗೆಂದು ಇರುವ ಮಾತ್ರೆಗಳನ್ನೆಲ್ಲ ಬದಲಿಸಿ ಬದಲಿಸಿ ಕೊಟ್ಟವರು. ಆಗದು ಎನ್ನುವ ಮುನ್ನ ಇಲ್ಲಿನವರು ಮಾಡುವಂತೆ ಹಲ್ಲುಗಳ ನಡುವೆ ಗಾಳಿ ಎಳೆದುಕೊಂಡು, ಕಾನೂನು ಈಚೆಗೆ ಬಾಗಿಲನ್ನು ತುಸು ತೆರೆದಿದೆಯಾದರೂ ನಿಮ್ಮ ತೊಂದರೆ ಆ ಸಂದಿಯಲ್ಲಿ ತೂರುವುದಿಲ್ಲ, ಸುಮಿಮಾಸೆನ್, ಕ್ಷಮಿಸಬೇಕು, ಎಂದು ತಲೆಬಾಗಿದರು. ಮನೆಗೆ ಬಂದು ಯಾಮಿನಿಗೆ ಫೋನ್ ಮಾಡಿದರೆ, ಖಾಲಿ ರಸ್ತೆಯಲ್ಲೂ ಹಸಿರು ದೀಪಕ್ಕೆ ಕಾಯುವ ಪ್ರವೀಣರು ಪಕ್ಕದಲ್ಲಿ ನಿಂತು, "ಶರ್ವಾಣಿ, ಆ ವರ್ಡ್ ಫೋನಲ್ಲಿ ಹೇಳ್ಬೇಡ ಪ್ಲೀಸ್, ವೀಸಾ ರಿನ್ಯೂವಲ್ ಇದೆ" ಎಂದು ಪಿಸುಗುಟ್ಟಿದರು.

ಅಂಥ ಸಮಯದಲ್ಲಿಯೇ ಒಕಾಮೊತೊ ಅಜ್ಜಿ ಒಸಾಕಾದ ಮಗಳ ಮನೆಗೆ ಹೊರಟು ತಮ್ಮನ್ನೂ ತಮ್ಮ ಕಾಳಿನ ಪೊಟ್ಟಣವನ್ನೂ ನನ್ನ ವಶಕ್ಕೆ ಒಪ್ಪಿಸಿದರು. ಪೊಟ್ಟಣದ ಮೇಲಿನ ಜಪಾನಿ ಅಕ್ಷರಗಳನ್ನು ಓದಿದವಳು ನನ್ನ ಮಗಳು ಇಂಚರಾ. ನವಣೆ, ಬರಗು, ಊದಲು ಎಂದು ಫೋನಿನಲ್ಲಿ ಅರ್ಥ ಹುಡುಕುತ್ತಾ ಬಂದವಳು ಬೂದು ಬಣ್ಣದ ದಪ್ಪ ಕಾಳಿನ ಹೆಸರಿಗೆ ಬಂದು, "ಅಮ್ಮಾ, ದಿಸ್ ಈಸ್ ಹೆಂಪ್! ಪೊಲೀಸ್ ಬರಲ್ವಾ?" ಎಂದಳು. ಬರುವುದಿಲ್ಲವಂತೆ. ಹಕ್ಕಿಗಳಿಗೆ ಗಾಂಜಾ ಬೀಜ ಈ ದೇಶದಲ್ಲಿ ಧಾರಾಳವಾಗಿ, ರಸೀದಿ ಸಮೇತ ಸಿಗುತ್ತದೆ. ತಾವಾದರೋ ನವಣೆಯನ್ನು ಕಾಲಿನಿಂದ ಆಚೆ ಚೆಲ್ಲಿ, ಊದಲಿಗೆ ಬೆನ್ನು ತಿರುಗಿಸಿ, ಆ ಬೂದು ಕಾಳನ್ನೇ ಹೆಕ್ಕಿ ಹೆಕ್ಕಿ, ಕಣ್ಣು ಅರೆಮುಚ್ಚಿ ಮೆಲ್ಲುತ್ತಿದ್ದಿರಿ.

ಇನ್ನು ನನ್ನ ಬಟ್ಟಲಿನ ವಿಚಾರ. ನಮ್ಮ ಇಂದಿರಾ ಅತ್ತೆ, ಸಿರಿಧಾನ್ಯ ತಿಂದರೆ ಕ್ಯಾನ್ಸರ್ ಓಡಿಹೋಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ, ಮೈಸೂರಿನಿಂದ ಟೋಕಿಯೋಗೆ ಬರುವವರ ಕೈಯಲ್ಲೆಲ್ಲ ಹುರಿದ ನವಣೆ, ಬರಗು, ಊದಲಿನ ಹಿಟ್ಟನ್ನು ಕಳಿಸುತ್ತಿದ್ದಾರೆ. ಎಂದರೆ, ಮಾನ್ಯರೇ, ತಾವು ಚೆಲ್ಲಿದ ಆಹಾರ ನನಗೆ, ನನಗೆ ಕೊಡದ ಗಿಡದ ಬೀಜ ತಮಗೆ! ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎನ್ನುತ್ತಾರೆ. ತಮಗೆ ನಿಜವಾಗಿಯೂ ಹಲ್ಲಿಲ್ಲ. ಆ ಕಾಳಿನಲ್ಲಿ ಅಮಲೂ ಇಲ್ಲ, ನನಗೆ ಬೇಕಾದ ಮದ್ದೂ ಇಲ್ಲವೆಂದು ಬಲ್ಲೆ, ಆದರೂ ಹೊಟ್ಟೆಕಿಚ್ಚಾಯಿತು. ಹಸಿವು ಬಾರದ ಹೊಟ್ಟೆಯಲ್ಲಿ ಕಿಚ್ಚಿಗೆ ಮಾತ್ರ ಬೇಕಾದಷ್ಟು ಜಾಗವಿರುತ್ತದೆ.

ತಾವು ಚೆಲ್ಲಿದ ಕಾಳೊಂದು ನಮ್ಮ ತುಳಸಿ ಕುಂಡದಲ್ಲಿ ಮೊಳೆತಾಗ ನಡೆದದ್ದನ್ನೂ ಇಲ್ಲಿ ಸ್ಮರಿಸಬೇಕು. ಗಾಂಜಾ ಗಿಡವನ್ನು ಜನ್ಮದಲ್ಲಿ ಕಂಡಿರದ ಪ್ರವೀಣರು, ಆಫೀಸಿಗೆ ರಜೆ ಹಾಕಿ, ಪರದೆ ಎಳೆದು, ಪೊಲೀಸರಿಗೆ ಶರಣಾಗಲು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಿದ್ಧರಾದರು. ಹೊರಡುವ ಮುನ್ನ ತಜ್ಞರ ಅಭಿಪ್ರಾಯವಿರಲೆಂದು ನಾನು ಕುಂಡವನ್ನು ತಮ್ಮ ಮುಂದೆ ಹಿಡಿದೆ. ತಾವು ಒಮ್ಮೆ ಮೂಸಿ, ಅಸಹ್ಯಪಟ್ಟು, ಬೆನ್ನು ತಿರುಗಿಸಿದಿರಿ. ಅದು ನವಣೆಯೆಂದು ತೀರ್ಮಾನವಾಯಿತು, ಒಂದು ಸಂಸಾರ ಜೈಲಿನಿಂದ ಉಳಿಯಿತು. ಆ ಉಪಕಾರ ಮರೆತಿಲ್ಲ.

ಅಜ್ಜಿ ಮರಳಿ ಬಂದವರು, ತಮಗೆ ಮೈ ಬಂದಿದೆಯೆಂದು ಆ ಬೂದು ಕಾಳನ್ನು ನಿಲ್ಲಿಸಿದರು. ತಾವು ಗರಿ ಉಬ್ಬಿಸಿ, ಮೂಲೆ ಹಿಡಿದು, ಊಟವನ್ನೇ ಬಿಟ್ಟಿರಿ. ಜೊತೆಗೆ ಹೊರಟ ಅಜ್ಜಿಗೆ ಮಂಡಿನೋವಾದ್ದರಿಂದ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಪಂಜರ ಹೊತ್ತು ಹಕ್ಕಿ ವೈದ್ಯರ ಬಳಿಗೆ ಬಂದವಳು ನಾನೇ. ಆ ಮಹಾನುಭಾವರು ತಮ್ಮ ಗರಿಯೆದೆಯನ್ನು ಬೆರಳಿನಿಂದ ಸವರಿ, ವಯಸ್ಸಾದ ಜೀವ, ಉಪವಾಸ ಕೆಡವಬಾರದು, ಬಾಯಿಗೆ ರುಚಿಸಿದ್ದನ್ನು ಕೊಡಿ, ಮೊದಲು ಹೊಟ್ಟೆಗೆ ಹೋಗಲಿ, ನಿಯಮ ಆಮೇಲೆ ನೋಡೋಣ ಎಂದರು. ಮರಳುವಾಗ ನಾನು ಟ್ಯಾಕ್ಸಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ಹಕ್ಕಿಗಾಗಿ ಅಳುತ್ತಿದ್ದೇನೆಂದುಕೊಂಡ ಅಜ್ಜಿ ಕರವಸ್ತ್ರ ಕೊಟ್ಟು ಮತ್ತೆ ಮತ್ತೆ ಅರಿಗಾತೋ ಎಂದು ಧನ್ಯವಾದ ಹೇಳಿದರು.

ಆದ್ದರಿಂದ ಸವಿನಯ ಪ್ರಾರ್ಥನೆಯೆಂದರೆ, ತಾವು ದಯಮಾಡಿ ನನ್ನನ್ನು ತಮ್ಮ ಕುಲಕ್ಕೆ ಸೇರಿಸಿಕೊಳ್ಳಬೇಕು. ನನ್ನ ವೀಸಾದಲ್ಲಿ ಈಗ ಗಂಡನ ಅವಲಂಬಿತೆ ಎಂದಿದೆ. ಅದನ್ನು ಒಕಾಮೊತೊ ಅವರ ಸಾಕುಹಕ್ಕಿ ಎಂದು ತಿದ್ದಿಸಿದರೆ ಸರ್ಕಾರಕ್ಕೂ ಹೆಚ್ಚಿನ ತೊಂದರೆಯಾಗದು. ಗರಿಯ ವಿಷಯದಲ್ಲಿ ಕೊರತೆಯುಂಟು, ಸದ್ಯ ತಲೆಗೂದಲೂ ಇಲ್ಲ, ಆದರೆ ತಮ್ಮವರ ಮರಿಗಳೂ ಬೋಳಾಗಿಯೇ ಹುಟ್ಟುತ್ತವೆಂದು ಕೇಳಿದ್ದೇನೆ. ನನ್ನನ್ನೂ ಹಾಗೊಂದು ಮರಿಯೆಂದು ಭಾವಿಸಬೇಕಾಗಿ ಕೋರುತ್ತೇನೆ.

ಇಂತು, ಬಾಲ್ಕನಿಯ ಗೋಡೆಯ ಈಚೆಗಿರುವ
ತಮ್ಮ ವಿಶ್ವಾಸಿ,
ಶರ್ವಾಣಿ

ತಾ.ಕ.: ಇಂದು ಆಸ್ಪತ್ರೆಯಲ್ಲಿ ತೂಕ ನೋಡಿ, ಕಿಮೋ ಮುಂದಕ್ಕೆ ಹಾಕಿ, ತಲೆಬಾಗಿ ಕಳಿಸಿದರು. ಹೀಗಾಗಿ ಮುಂದಿನ ವಾರ ತಮ್ಮ ವೈದ್ಯರ ಬಳಿಗೇ ಹೋಗೋಣವೆಂದಿದ್ದೇನೆ. ಬೇರೆ ಪಂಜರ ಕೊಳ್ಳುವ ಯೋಚನೆಯಿಲ್ಲ; ನಾನು ಇಳಿಯುತ್ತಿರುವ ರೀತಿ ನೋಡಿದರೆ, ತಾವು ಒಂದಿಷ್ಟು ಸರಿದು ಕೂತರೆ ಸಾಕು.