ಮೋಡೆಮ್ಮಿಗೆ ಗೇರ್ ಹಾಕಿದ ಮಾಸ್ತರು

"ಊರಲ್ಲಿ ಅರ್ಧ ಜನಕ್ಕೆ ಗಾಡಿ ಓಡ್ಸೋದು ಕಲಿಸಿರೋನು ನಾನು. ನನಗೆ ಈ ಮೋಡೆಮ್ ಯಾವ ಲೆಕ್ಕ? ಏಳು ಮೇಲೆ!" ಎಂದು ಡ್ರೈವಿಂಗ್ ಸ್ಕೂಲಿನ ಮಾಸ್ತರು ಹೆಂಡತಿಯನ್ನು ಕುರ್ಚಿಯಿಂದ ಎಬ್ಬಿಸಿಯೇಬಿಟ್ಟರು.

ಹೆಂಡತಿಗೆ ಜೀವ ಬಾಯಿಗೆ ಬಂತು. ಅವಳು ವಾರಪತ್ರಿಕೆಗೆ ಬರೆಯುತ್ತಿದ್ದ ಪತ್ತೇದಾರಿ ಧಾರಾವಾಹಿಯ ಕೊನೆಯ ಕಂತು ಸಂಜೆ ಐದರೊಳಗೆ ಕಂಪ್ಯೂಟರಿನಿಂದಲೇ, ಮೋಡೆಮ್ ಮೂಲಕ ಫೋನ್ ಲೈನಿನಲ್ಲಿ ಫ್ಯಾಕ್ಸ್ ಆಗಿ ಸಂಪಾದಕರ ಕೈ ಸೇರಬೇಕಿತ್ತು. ಸೇರದಿದ್ದರೆ ಆ ಪುಟ ಸೋಪಿನ ಜಾಹೀರಾತಿಗೆ, ಮುಂದಿನ ಧಾರಾವಾಹಿ ಬೇರೆಯವರಿಗೆ. ಸಂಪಾದಕರು ಆಗಲೇ ಗುಡುಗಿದ್ದರು.

"ನಿಧಾನವಾದ್ರೂ ಹೋಗುತ್ತೆ ಕಣ್ರೀ, ಅದರ ಪಾಡಿಗೆ ಬಿಟ್ಬಿಡಿ."

"ಇದು ನಿಧಾನ ಅಲ್ಲ ಕಣೇ, ತಳ್ಳೋ ಗಾಡಿ."

ಮಾಸ್ತರು ಸೆಟ್ಟಿಂಗ್ಸ್ ತೆರೆದರು. ಮೋಡೆಮ್ ಸಿಕ್ಕಿಸುವ ಸೀರಿಯಲ್ ಪೋರ್ಟಿನ ವೇಗಗಳು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಂತಿದ್ದವು. ಅವರ ಮುಖ ಅರಳಿತು. ಇವು ಗೇರುಗಳಲ್ಲದೆ ಮತ್ತೇನು? ಯಾವ ಗಾಡಿಯೂ ಟಾಪ್ ಗೇರಿನಲ್ಲಿ ಹೊರಡುವುದಿಲ್ಲ ಎಂಬ ಧರ್ಮಸೂಕ್ಷ್ಮವನ್ನು ಕಂಪ್ಯೂಟರ್ ಪಂಡಿತರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಪಾಪ.

ಎಲ್ಲಕ್ಕಿಂತ ಕಡಿಮೆ ವೇಗ ಇಟ್ಟು ಡಯಲ್ ಮಾಡಿದರು. ಮೋಡೆಮ್ ಕಿರ್‍ರೆಂದು ಕಿರುಚಿ, ಲೈನ್ ಹಿಡಿದು, ಮೊದಲ ಪುಟವನ್ನು ದಾಟಿಸಿತು. "ಗಾಡಿ ಹೊರಡ್ತು. ಈಗ ಸೆಕೆಂಡ್," ಎಂದು ಮಾಸ್ತರು ವೇಗ ಬದಲಿಸಿದರು. ಲೈನ್ ಪಟ್ಟನೆ ಕಡಿಯಿತು.

"ಕಡಿದೋಯ್ತಲ್ರೀ."

"ಎಂಜಿನ್ ಆಫ್ ಆಯ್ತು ಅಷ್ಟೆ. ಹೊಸ ಗಾಡೀಲಿ ಇದೆಲ್ಲ ಮಾಮೂಲು. ಮತ್ತೆ ಮೊದಲಿಂದ."

ಮತ್ತೆ ಮೊದಲ ಪುಟ, ಮತ್ತೆ ಸೆಕೆಂಡ್, ಮತ್ತೆ ಆಫ್. ಮಧ್ಯಾಹ್ನವೆಲ್ಲ ಇದೇ ಆಯಿತು. ಕೊನೆಗೆ ಮಾಸ್ತರಿಗೆ ಜ್ಞಾನೋದಯವಾಯಿತು. ಕ್ಲಚ್ಚೇ ಇಲ್ಲ!

"ನಾನು 'ಕ್ಲಚ್' ಅಂದಾಗ ಟೆಲಿಫೋನ್ ವೈರು ಕಿತ್ಕೊ. ಗೇರ್ ಬಿದ್ಮೇಲೆ ಮೆಲ್ಲಗೆ ಸಿಕ್ಕಿಸು. ಒಮ್ಮೆಲೇ ಬಿಟ್ರೆ ಜರ್ಕ್ ಹೊಡೆಯುತ್ತೆ."

"ನಿಮ್ಮ ಹತ್ರ ಕಲಿತೋರು ಇನ್ನೂ ಬದುಕಿದ್ದಾರಾ?" ಎಂದು ಹೆಂಡತಿ ಹಣೆ ಚಚ್ಚಿಕೊಂಡು ವೈರು ಹಿಡಿದು ಕೂತಳು. ಕಿತ್ತಳು, ಸಿಕ್ಕಿಸಿದಳು, ಬೆವರಿದಳು. ಅತ್ತ ಹೋಗುತ್ತಿದ್ದದ್ದು ಮಾತ್ರ ಅದೇ ಮೊದಲ ಪುಟ.

ಗಡಿಯಾರ ಐದು ಹೊಡೆಯಿತು, ವೈರು ಸಿಕ್ಕಿಸಿದ್ದೇ ತಡ ಫೋನೂ ಹೊಡೆದುಕೊಂಡಿತು. ಸಂಪಾದಕರು! ಹೆಂಡತಿ ರಿಸೀವರ್ ಎತ್ತಿದಳು.

"ಏನಮ್ಮಾ ಇದು? ಮಧ್ಯಾಹ್ನದಿಂದ ಒಂದೇ ಪುಟ ಬರ್ತಾ ಇದೆ. ನಮ್ಮ ಆಫೀಸಿನೋರಿಗೆಲ್ಲ ಬಾಯಿಪಾಠ ಆಗಿದೆ. ಪುಟದ ಕೊನೇಲಿ ಆ ಬಾಗಿಲ ಹಿಂದೆ ನಿಂತಿರೋನು ಯಾರಮ್ಮಾ? ಪ್ರೆಸ್ಸಿನೋರು ಮಿಷನ್ ನಿಲ್ಲಿಸಿ ಕೂತಿದ್ದಾರೆ. ಎಷ್ಟೊತ್ತಾದ್ರೂ ಸರಿ, ಕಳಿಸು. ಮುಂದಿನ ಧಾರಾವಾಹೀನೂ ನೀನೇ ಬರಿ."

ಪಕ್ಕದಲ್ಲೇ ಕಿವಿ ಒಡ್ಡಿದ್ದ ಮಾಸ್ತರು ಕಾಲರ್ ಸರಿಮಾಡಿಕೊಂಡರು. "ನೋಡಿದ್ಯಾ? ಎಲ್ಲಾ ನನ್ನ ಡ್ರೈವಿಂಗು."

ಹೆಂಡತಿ ಗಂಡನನ್ನೇ ದಿಟ್ಟಿಸುತ್ತಾ ಫೋನಿಗೆ ಹೇಳಿದಳು:

"ಅರ್ಧ ಗಂಟೆ ಕೊಡಿ ಸರ್. ಕಥೇಲಿ ಇನ್ನೊಂದು ಕೊಲೆ ಸೇರಿಸ್ಬೇಕು. ಸತ್ತೋನು ಡ್ರೈವಿಂಗ್ ಮಾಸ್ತರು."