ನಿಂತವರಿಗೆ ಮಾತ್ರ ಹೇಳುವ ಕತೆ

ನಮ್ಮ ಅಕ್ಕನಿಗೆ ಬರುತ್ತಿದ್ದದ್ದು ಒಂದೇ ಒಂದು ನಗೆಯ ಕತೆ. ಅದನ್ನೂ ಕುಳಿತವರಿಗೆ ಹೇಳುತ್ತಿರಲಿಲ್ಲ! ಕೇಳಬೇಕೆಂದರೆ ಎದ್ದು ನಿಲ್ಲಬೇಕು. ರಾಷ್ಟ್ರಗೀತೆಗಾದರೆ ಸರಿ, ಏಡಿಯ ಕತೆಗೆ ಯಾಕೆ ನಿಲ್ಲಬೇಕು ಹೇಳಿ?

ಕತೆ ಇಷ್ಟೆ. ಭಟ್ಕಳದಿಂದ ಹೊರಟ ಬಸ್ಸಿನಲ್ಲಿ ಒಬ್ಬಳ ಚೀಲ ಹರಿದು ಜೀವಂತ ಏಡಿಗಳೆಲ್ಲ ಹೊರಬಿದ್ದವು. ಕಂಡಕ್ಟರು ಸೀಟು ಹತ್ತಿದವನು ಹೊನ್ನಾವರದವರೆಗೂ ಅಲ್ಲಿಂದಲೇ ಟಿಕೆಟು ಹರಿದ. ಹೇಳುವಾಗ ಏಡಿಯೂ ಅಕ್ಕನೇ, ಕಂಡಕ್ಟರೂ ಅಕ್ಕನೇ. ಅವಳ ಗಂಡನ ಊರು ಮಂಕಿ. ಅಲ್ಲಿ ಯಾರ ಮನೆಯ ಮದುವೆಯಾದರೂ ಬಾವಿಕಟ್ಟೆಯಲ್ಲಿ ಕೊಡ ಹಿಡಿದು ನಿಂತ ಹೆಂಗಸರ ನಡುವೆ ಆ ಬಸ್ಸು ಹೊರಡಲೇಬೇಕು. ಎಲ್ಲರೂ ನಗುವಾಗ ಇವಳು ಮಾತ್ರ ನೆಲ ನೋಡುತ್ತಿದ್ದಳು. ಏಡಿ ನಿಜವಾಗಿಯೂ ಬಂತೇನೋ ಎಂಬಂತೆ!

ಅವಳ ಮಂಚವೂ ಅವಳಂತೆಯೇ. ಕಾಲಿನ ಕಡೆಗೆ ಕಲ್ಲು ಕೊಟ್ಟು ಎತ್ತರಿಸಿ, ತಲೆ ತಗ್ಗಿಗೆ ಹಾಕಿ ಮಲಗುತ್ತಿದ್ದಳು. ಕಾಲಲ್ಲಿರುವ ಬುದ್ಧಿ ತಲೆಗೆ ಇಳಿಯಲಿ ಎಂದು ಹಾಗೆ ಮಲಗುವುದು ಎನ್ನುತ್ತಿದ್ದ ಭಾವ. ತಂಗಿ ನಾನೇನು ಕಡಿಮೆ? ಮುಟ್ಟಳ್ಳಿಯ ನಮ್ಮ ಅಂಗಳದಲ್ಲಿ ಅವಳು ಸೀನುವ ಮೊದಲು ಕಾಲು ಹೆಣೆದುಕೊಂಡು ನಿಲ್ಲುವುದನ್ನು ಮಾಡಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದೆ.

ನಮ್ಮ ಕಡೆ ರೈಲು ಹೊಸದಾಗಿ ಓಡತೊಡಗಿದ ವರ್ಷ, ಗದ್ದೆಯ ನಟ್ಟಿ ಮುಗಿದ ಮೇಲೆ ಅಕ್ಕ ಬಂದಳು. ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದಳು. ಕೊನೆಯ ಹೆರಿಗೆಯಾದ ಹಸಿಮೈಯಲ್ಲೇ ಭತ್ತದ ಹೊರೆ ಹೊತ್ತಿದ್ದಳಂತೆ. ಆಗಿನಿಂದ ಗರ್ಭಕೋಶ ಕೆಳಗೆ ಜಾರಿದೆ. ಸೀನಿದರೆ, ನಕ್ಕರೆ ಸೀರೆ ಒದ್ದೆ.

“ಕುಮಟೆಗೆ ಹೆಂಗಸು ಡಾಕ್ಟರು ಬಂದಾರಂತೆ. ನೀ ಜೊತಿಗೆ ಬರ್ತ್ಯನೆ?”

ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟಿದ್ದ ನನಗೆ ಅದನ್ನು ಕೇಳುವುದಕ್ಕೇ ನಾಚಿಕೆ. “ಅದ್ನೆಲ್ಲ ತೋರ್ಸೂಕೆ ಹೋಗ್ತಾರನೆ? ಹೆಂಗಸ್ರಿಗೆ ಇರೂದೇ,” ಎಂದು ಹೇಳಿ, ಕೋಳಿಗೆ ಅಕ್ಕಿ ಹಾಕಬೇಕೆಂದು ಎದ್ದು ಹೋದೆ. ನಮ್ಮ ಮನೆಯಲ್ಲಿ ಕೋಳಿಯೇ ಇರಲಿಲ್ಲ.

ಅಕ್ಕ ಮತ್ತೆ ಕೇಳಲಿಲ್ಲ. ಏಡಿಯ ಕತೆ ಶುರುವಾದದ್ದು ಆ ವರ್ಷದಿಂದಲೇ ಎಂಬುದು ನನಗೆ ಹೊಳೆಯಲೂ ಇಲ್ಲ.

ನನಗೂ ಮಕ್ಕಳಾದವು. ಎಷ್ಟೋ ವರ್ಷದ ಮೇಲೆ ಬಾಡದಲ್ಲಿ ನೆಂಟರ ಮದುವೆ. ಬಾವಿಕಟ್ಟೆಯಲ್ಲಿ ಅಕ್ಕನ ಬಸ್ಸು ಹೊರಟಿತು. ಕಂಡಕ್ಟರು ಸೀಟು ಹತ್ತುವಾಗ ನಗು ತಡೆಯಲಾಗದೆ ನಾನು ಥಟ್ಟನೆ ಕಾಲು ಹೆಣೆದುಕೊಂಡೆ. ತಲೆಯೆತ್ತಿದರೆ ಅಕ್ಕ ನನ್ನ ಪಾದವನ್ನೇ ನೋಡುತ್ತಿದ್ದಾಳೆ. ಏಡಿಗಳನ್ನು ಅಲ್ಲೇ ಬಿಟ್ಟು ಹತ್ತಿರ ಬಂದಳು.

“ನಿಂಗೂ ಶುರು ಆತನೆ?”

ಆಗ ತಿಳಿಯಿತು. ಆ ಕತೆ ನಗಿಸುವುದಕ್ಕಲ್ಲ, ಹುಡುಕುವುದಕ್ಕೆ! ಬಾಯಿಬಿಟ್ಟು ಕೇಳಿದರೆ ಯಾವ ಹೆಂಗಸು ಹೇಳಿಯಾಳು? ಕಾಲು ಹೆಣೆದವಳನ್ನು ಆಮೇಲೆ ಬದಿಗೆ ಕರೆದು ಮಾತಾಡಿಸಿ, ಕುಮಟೆಗೆ ಕರೆದೊಯ್ಯುತ್ತಿದ್ದಳಂತೆ.

ನನ್ನನ್ನೂ ಕರೆದೊಯ್ದಳು. ಇವತ್ತು ಯಾರನ್ನು ತಂದಿರಿ ಎಂದು ನರ್ಸು ಅವಳನ್ನು ಮನೆಯವರಂತೆ ವಿಚಾರಿಸಿದಳು. ಡಾಕ್ಟರು ಭಾರ ಎತ್ತಬೇಡ ಎಂದರು, ಯಾವ ಸ್ನಾಯು ಬಿಗಿಹಿಡಿದು ಸಡಿಲ ಬಿಡಬೇಕೆಂದು ಕಲಿಸಿದರು. ಇದನ್ನು ಕೇಳುವುದಕ್ಕೆ ನಾನು ಇಷ್ಟು ಹೆದರಿದ್ದೆನೆ! ಹೊರಗೆ ಬೆಂಚಿನಲ್ಲಿ ಅಕ್ಕ ನನ್ನ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

“ನಿಂಗೆ ಎಂತ ಹೇಳಿದ್ರು ಅಕ್ಕಾ?”

“ನಾ ಇಷ್ಟ್ ವರ್ಷ ಒಳಗೆ ಹೋಗ್ಲೇ ಇಲ್ಲ ಮಾರಾಯ್ತಿ. ಒಳಗೆ ಹೋದ್ರೆ ಹೊರಗೆ ಕೂತ್ಕಳೂಕೆ ಒಬ್ರು ಬೇಕಲೆ.”

ನಗುತ್ತಲೇ ಹೇಳಿದಳು. ಕಾಲು ಹೆಣೆದುಕೊಂಡು.

ನಾನು ಚೀಲ ಇಸಿದುಕೊಂಡು ಅವಳನ್ನು ಒಳಗೆ ಕಳಿಸಿದೆ. ಅವಳು ಕುಳಿತೆದ್ದ ಬೆಂಚು ಇನ್ನೂ ಬೆಚ್ಚಗಿತ್ತು.

ಅಕ್ಕ ಈಗಿಲ್ಲ. ಬಾವಿಕಟ್ಟೆಯಲ್ಲಿ ಈಗ ಆ ಬಸ್ಸು ಹೊರಡಿಸುವವಳು ನಾನು. ಏಡಿಯ ನಡಿಗೆ ನನಗೆ ಅವಳಷ್ಟು ಬರುವುದಿಲ್ಲ, ಆದರೂ ನಗುತ್ತಾರೆ. ನಾನು ನೆಲ ನೋಡುತ್ತೇನೆ. ಅಷ್ಟು ಪಾದಗಳ ನಡುವೆ, ಇಲ್ಲವೆಂದು ಗೊತ್ತಿದ್ದೂ, ಮೊದಲು ಅವಳದ್ದನ್ನೇ ಹುಡುಕುತ್ತೇನೆ.