ನಡುವೆ ತುಂಡಾಗದ ಫೋನು

"ಮಮ್ಮಿ, ಯಲ್ಲಾರಿ ಕಾಕಾ ಫೋನಿನ ಡಬ್ಬ್ಯಾಗ ಇರ್ತಾನಲ್ಲ, ಊಟಕ್ಕ ಹೆಂಗ ಹೊರಗ ಬರ್ತಾನ?"

ಪುಟ್ಟ ಭಕ್ತಿಯ ಈ ಪ್ರಶ್ನೆಗೆ ತ್ರಿಶಲಾಳ ಬಳಿ ಸಿಟ್ಟಿನ ಉತ್ತರವೊಂದೇ ಇತ್ತು. "ಹೊರಗ ಬರೂದ ಇಲ್ಲವಾ ಆಂವ. ಅದ ನನ್ನ ಸಂಕಟ!"

ತೊಂಬತ್ತರ ದಶಕದ ಕೊಣ್ಣೂರಿನ ಫೋನಿಗೆ ತಿರುಗಿಸುವ ಚಕ್ರವೂ ಇರಲಿಲ್ಲ, ಒತ್ತುವ ಗುಂಡಿಯೂ ಇರಲಿಲ್ಲ. ಎತ್ತಿದರೆ ಎಕ್ಸ್‌ಚೇಂಜಿನ ಆಪರೇಟರ್ ಯಲ್ಲಾರಿ, "ಹೇಳ್ರಿ ವೈನಿ, ಹುಕ್ಕೇರಿ ತವರಮನಿನೋ, ಸಂಕೇಶ್ವರ ಮಾವಾರ ಮನಿನೋ?" ಎನ್ನುತ್ತಿದ್ದ. ಗಂಡನ ಅಂಗಡಿ ಕೇಳಿದರೆ, "ಯಜಮಾನ್ರು ಅಲ್ಲಿಲ್ರಿ, ಕಟಿಂಗಿಗೆ ಕುಂತಾರ" ಎಂದು ತಾನೇ ಹೇಳಿಬಿಡುತ್ತಿದ್ದ. ಲೈನ್ ಕೊಟ್ಟ ಮೇಲಾದರೂ ಸುಮ್ಮನಿರುವ ಪ್ರಾಣಿಯೇ? ಉಪ್ಪಿನಕಾಯಿ ಕೆಟ್ಟಿತೆಂದು ಅವಳು ಹುಕ್ಕೇರಿಯ ತಾಯಿಗೆ ಗುಟ್ಟಾಗಿ ಹೇಳಿದರೆ, ನಡುವಿನಿಂದ ಯಲ್ಲಾರಿಯ ತೀರ್ಪು: "ಉಪ್ಪು ಕಡಿಮಿ ಬಿದ್ದೈತ್ರಿ." (ಕಡಿಮೆ ಬಿದ್ದದ್ದು ನಿಜ. ಅದು ಬೇರೆ ಮಾತು.)

ಇದನ್ನೂ ಸಹಿಸಬಹುದಿತ್ತು. ಆದರೆ ಮೈದುನ ಶ್ರೇಯಸನ ಲಗ್ನದ ಮಾತು ನಡೆದಿತ್ತಲ್ಲ! ಹುಡುಗಿ ತ್ರಿಶಲಾಳ ಸಂಕೇಶ್ವರದ ಸೋದರಮಾವ ತಾತ್ಯಾಸಾಹೇಬರ ಮಗಳು. ಸಂಬಂಧ ಸೂಚಿಸಿದವಳೂ ತ್ರಿಶಲಾಳೇ. ಅತ್ತೆ ಇಂದುಬಾಯಿಯವರ ಅಡುಗೆಮನೆ ಎಂಬ ಸಾಮ್ರಾಜ್ಯದಲ್ಲಿ ತನ್ನ ಕಡೆಯವಳೊಬ್ಬಳಿರಲಿ, ನಗಲಿಕ್ಕೂ ಅಳಲಿಕ್ಕೂ ಜೊತೆಯಾಗಲಿ ಎಂಬುದು ಅವಳ ಆಸೆ. ಬೀಗರ ಮಹಾಸಂಧಾನವೆಲ್ಲ ಫೋನಿನಲ್ಲೇ. ಮಾತು ರಂಗೇರಿತು ಅನ್ನುವಷ್ಟರಲ್ಲಿ ಕಟಕ್! "ಲೈನ್ ಹೋತ್ರಿ. ನಾಳೆ ಹಚ್ಚಿ ಕೊಡ್ತೇನಿ."

"ಹಿಂಗ ಕಟ್ ಆಕ್ಕೋಂತ ಹೋದ್ರ ನಿಮ್ಮ ತಮ್ಮನ ಲಗ್ನ ಭಕ್ತಿ ಲಗ್ನದ ಜೋಡಿನ ಆಕ್ಕೈತಿ" ಎಂದು ತ್ರಿಶಲಾ ಗಂಡನ ಮುಂದೆ ಗೊಣಗಿದಳು. ಗಂಡ ಗೊಮ್ಮಟೇಶ ಹೆಸರಿಗೆ ತಕ್ಕಂತೆ ನಿಂತಲ್ಲೇ ನಿಂತು ಮುಗುಳ್ನಕ್ಕ.

ಅಷ್ಟರಲ್ಲಿ ಬಂತು ಶುಭವಾರ್ತೆ. ಕೊಣ್ಣೂರು, ತುಕ್ಕಾನಟ್ಟಿ, ಸುತ್ತಲಿನ ಊರುಗಳ ಎಕ್ಸ್‌ಚೇಂಜುಗಳನ್ನೆಲ್ಲ ಕೂಡಿಸಿ ಕಂಪ್ಯೂಟರಿನ ಒಂದೇ ಜಾಲಕ್ಕೆ ಕಟ್ಟುತ್ತಾರಂತೆ! ಗುಂಡಿಯ ಫೋನು ಮನೆಗೆ ಬಂದ ದಿನ ತ್ರಿಶಲಾ ಅದಕ್ಕೆ ಕುಂಕುಮ ಹಚ್ಚಿ, ಗೋಧಿ ಹುಗ್ಗಿ ಮಾಡಿ, ಓಣಿಗೆಲ್ಲ ಸಾರಿದಳು: "ಇನ್ನ ನಡುವ ಯಾರೂ ಇಲ್ಲ. ಲೈನ್ ಕಟ್ ಆಗೂದೂ ಇಲ್ಲ." ಆದರೂ ಮೊದಲ ಸಲ ಎತ್ತಿದಾಗ "ಹೇಳ್ರಿ ವೈನಿ" ಕೇಳದೆ ಬರೀ ಗುಂಯ್ ಎಂದದ್ದಕ್ಕೆ, ಯಾರೂ ಇಲ್ಲದ ಮನೆಯ ಕದ ತಟ್ಟಿದಂತೆ ಅನಿಸಿತು.

ಮರುದಿನ ಇಂದುಬಾಯಿ ಸೊಸೆಯಿಂದ ನಂಬರು ಒತ್ತಿಸಿಕೊಂಡು ಸಂಕೇಶ್ವರದ ಜೊತೆ ಮಾತಿಗೆ ಕೂತರು. ತಾತ್ಯಾಸಾಹೇಬರ ದನಿ, ರೊಟ್ಟಿ ಬಡಿಯುತ್ತಿದ್ದ ತ್ರಿಶಲಾಳಿಗೂ ಕೇಳುವಷ್ಟು ಸ್ವಚ್ಛ. ಮೊದಲು ಶುರು ಮಾಡಿದವರು ಇಂದುಬಾಯಿ.

"ಏನ್ರಿ ಬೀಗರ, ಗೋಧೂಳಿ ಮುಹೂರ್ತ ತಗಸೀರಂತ? ಅಕ್ಷತಾ ಬೀಳೂದ್ರಾಗ ಹೊತ್ತ ಮುಳಗತೈತಿ. ಆಮ್ಯಾಲ ನಮ್ಮ ಮಂದಿ ಉಣ್ಣೂದ ಹೆಂಗ? ನೀವೂ ರಾತ್ರಿ ಉಣ್ಣದ ಜೈನರ ಹೌದಲ್ರಿ?"

"ಅಕ್ಷತಾಕ್ಕಿಂತ ಮೊದಲ ಉಂಡ ಬಿಡ್ರಲಾ ಬೀಗ್ತ್ಯಾರ!"

"ತಾಳಿ ಕಟ್ಟೂದ್ಕಿಂತ ಮೊದಲ ಉಣ್ಣಾಕ ನಾವೇನ ಖಾನಾವಳಿಗೆ ಬಂದವ್ರೇನ್ರಿ?"

"ತ್ರಿಶಲಾನ ಲಗ್ನದಾಗ ನಿಮ್ಮ ಮಂದಿ ಎರಡೂ ದಿನ ಎಲಿ ಬಿಟ್ಟ ಏಳಲಿಲ್ಲ. ಒಂದ ರಾತ್ರಿ ಉಪಾಸ ಇದ್ರ ಸೊರಗೂದಿಲ್ಲ!"

ಹಿಂದಾಗಿದ್ದರೆ ಇಲ್ಲಿಗೆ ಕಟಕ್ ಎನ್ನಬೇಕಿತ್ತು. ಎನ್ನಲಿಲ್ಲ. ಆ ಮಹಾಯಂತ್ರ ಒಂದಕ್ಷರವನ್ನೂ ಚೆಲ್ಲದೆ ದಾಟಿಸಿತು. ಇಂದುಬಾಯಿಯವರ ಮೂಗು ಕೆಂಪೇರಿತು.

"ಹಂಗಾರ ಕೇಳ್ರಿಲ್ಲೆ, ಈ ಸಂಬಂಧಾನ…"

'ಬ್ಯಾಡ' ಎಂಬುದು ಬಾಯಿಂದ ಬೀಳುವುದರೊಳಗೆ ತ್ರಿಶಲಾ ಹಿಟ್ಟಿನ ಕೈಯಲ್ಲೇ ಬಾಗಿಲ ಹಿಂದೆ ಓಡಿ ಗೋಡೆಯಿಂದ ಫೋನಿನ ತಂತಿ ಜಗ್ಗಿ ಕಿತ್ತಳು.

"ಹಲೋ? ಹಲೋ? ಏ ತ್ರಿಶಲಾ, ಹೊಸಾದೂ ಕೆಟ್ಟತಲ್ಲ!"

"ಲೈನ್ ಹೋಗಿರಬೇಕ್ರಿ ಅತ್ತ್ಯಾರ. ನಾಳೆ ಹಚ್ಚೂನು."

ಇಂದುಬಾಯಿ ಬೈದರು ನಿಜ, ಆದರೆ ಮುಖದಲ್ಲಿ ಎಂಥದೋ ನಿರಾಳ. ರಾತ್ರಿ ತ್ರಿಶಲಾ ತಂತಿಯನ್ನು ಗುಟ್ಟಾಗಿ ಮತ್ತೆ ಸಿಕ್ಕಿಸಿಟ್ಟಳು. ಬೆಳಗಾಗಿ ಚಹಾ ಆದ ಮೇಲೆ ತಾವೇ ಫೋನ್ ಹಚ್ಚಿಸಿದರು. ಆ ಕಡೆಯ ದನಿಯೂ ತಣ್ಣಗಾಗಿತ್ತು. ಮುಹೂರ್ತ ಮಧ್ಯಾಹ್ನಕ್ಕೆ ಬಂತು. ಊಟ ಹಗಲಿಗೇ ಉಳಿಯಿತು.

ಹಳೆಯ 'ಲೈನ್ ಹೋತ್ರಿ'ಗಳೆಲ್ಲ ಒಂದೊಂದಾಗಿ ತ್ರಿಶಲಾಳಿಗೆ ಬೇರೆಯಾಗಿ ಕಾಣತೊಡಗಿದವು. ಲಗ್ನಕ್ಕೆ ಕರೆಯುವ ನೆಪದಲ್ಲಿ ಎಕ್ಸ್‌ಚೇಂಜಿಗೆ ಹೋದಳು. ಯಲ್ಲಾರಿ ಗುಂಯ್‌ಗುಡುವ ಕಪಾಟಿನ ಮುಂದೆ, ಮಾತಾಡಲು ಯಾರೂ ಇಲ್ಲದೆ, ಕುರ್ಚಿಯಲ್ಲಿ ಸಪ್ಪಗೆ ಕೂತಿದ್ದ. ಅವಳು ತಂತಿ ಜಗ್ಗಿದ ಕಥೆ ಹೇಳಿ, "ಯಲ್ಲಾರಿ ಅಣ್ಣಾರ, ಖರೆ ಹೇಳ್ರಿ. ಆವಾಗ ತಂತಿ ಕೆಡತಿದ್ದುವೇನು?" ಎಂದಳು.

"ತಂತಿ ಛಲೋ ಇದ್ದೂರಿ ವೈನಿ. ಮಂದಿ ಕೆಡತಿದ್ರು."

ಇಬ್ಬರೂ ನಕ್ಕರು. ಅವಳು ಹೊರಟಾಗ ಯಲ್ಲಾರಿ ತಲೆ ಕೆರೆಯುತ್ತ ಬಾಗಿಲವರೆಗೆ ಬಂದ.

"ವೈನಿ, ನಿಮ್ಮಿಂದ ಒಂದ ಉಪಕಾರ ಆಗಬೇಕಿತ್ರಿ. ನಮ್ಮ ಮನೀಗೂ ಫೋನ್ ಬಂದೈತಿ. ಹೊಲದ ಜಗಳಾ ತಗದು ನಮ್ಮ ಮನಿಯಾಕಿ ಯಮನವ್ವ ಇವತ್ತ ಸಂಜಿಕ ಮೂಡಲಗಿಯೊಳಗಿನ ನಮ್ಮಣ್ಣಗ ಫೋನ್ ಹಚ್ಚಾಕಿ ಅದಾಳ. ಅಕಿಗೆ ನನ್ನ ಕೈ ಗೊತ್ತೈತ್ರಿ, ತಂತಿ ಹತ್ರ ಹಾದ್ರ ಲಟ್ಟಣಿಗಿ ಎತ್ತತಾಳ. ನೀವರ ಹೆಪ್ಪಿಗೆ ಮೊಸರ ಕೇಳಾಕ ಬಂದವ್ರಂಗ ಬಂದು, ಬಾಗಲ ಹಿಂದ ಒಂದೀಟ ನಿಂದರತೀರೇನ್ರಿ?"